ಎರಡೂರು, ಎರಡು ಕೋಲು

ಪ್ರಶ್ನೆ: ನಾನು ಸಿಂಧನೂರಿನವಳು. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಬಂಡೆಗಳೊಳಗೆ ಮನೆ ಕೊರೆದುಕೊಂಡು ಇರುವ ಗುಡ್ಡದವರು, ಹರಿಗೋಲಿನಲ್ಲೇ ಬಾಳುವೆ ಮಾಡುವ ಹೊಳೆಯವರು. ಇವರ ನಡುವೆ ಮುನ್ನೂರು ವರ್ಷದ ಹಗೆ. ಗುಡ್ಡದ ಹುಡುಗಿ ನೀರಿಗೆ ಬಿದ್ದಾಗ ಹೊಳೆಯ ಹುಡುಗಿ ಅವಳನ್ನು ಮೊಸಳೆಯ ಬಾಯಿಂದ ಬಿಡಿಸುತ್ತಾಳೆ. ಅಲ್ಲಿಂದ ಇಬ್ಬರೂ ಜೀವದ ಗೆಳತಿಯರು. ಓದಿದ ನನ್ನ ಗೆಳತಿ ‘ಇಷ್ಟು ಲಗೂನ ದೋಸ್ತಿ ಆಗ್ತದೇನು?’ ಅಂದಳು. ನಂಬುವ ಹಾಗೆ ಹೇಗೆ ಬರೆಯಲಿ? ಕೊನೆಯಲ್ಲಿ ಎರಡೂ ಜನ ಒಂದಾಗಲೇಬೇಕಾ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ ಇದೆ, ತಂಗಿ. ಮೊಸಳೆಯ ಬಾಯಿಂದ ಬಿಡಿಸಿದವರ ಮೇಲೆ ಹುಟ್ಟುವುದು ಋಣ. ಹಗೆಯವರ ಋಣದಲ್ಲಿ ಬಿದ್ದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ‘ಇವರ ಕೈಯಿಂದಲೇ ಉಳಿಯಬೇಕಿತ್ತೇ ನಾನು’ ಎಂಬ ಉರಿ ಒಳಗೇ ಇರುತ್ತದೆ. ಊರಿಗೆ ಹೋಗಿ ಹೇಳಲೂ ಆಗದು, ಮುಚ್ಚಿಡಲೂ ಆಗದು. ಆ ಉರಿ ನಿಮ್ಮ ಗುಡ್ಡದ ಹುಡುಗಿಯಲ್ಲಿ ಕಾಣಲಿಲ್ಲ. ಅವಳು ಕಣ್ಣು ಬಿಟ್ಟು ನಕ್ಕುಬಿಟ್ಟಳು. ಓದುಗರು ಅಲ್ಲಿಯೇ ನಿಮ್ಮ ಕೈ ಬಿಟ್ಟರು.

ನೀವು ಕಳಿಸಿದ ಮೊದಲ ಎರಡು ಅಧ್ಯಾಯ ಎರಡು ಸಲ ಓದಿದೆ. ಹರಿಗೋಲಿನ ವಿವರ ಬಹಳ ಚಂದ ಬಂದಿದೆ, ಅದನ್ನು ಮುಟ್ಟಬೇಡಿ. ಆದರೆ ಹಗೆಯ ಬಗ್ಗೆ ಇರುವುದು ಒಂದೇ ವಾಕ್ಯ: ‘ಮುನ್ನೂರು ವರ್ಷಗಳಿಂದ ಅವರಿಗೂ ಇವರಿಗೂ ಆಗುತ್ತಿರಲಿಲ್ಲ.’ ಯಾಕೆ ಆಗುತ್ತಿರಲಿಲ್ಲ? ಯಾರು ಯಾರಿಗೆ ಏನು ಮಾಡಿದರು? ಸ್ನೇಹ ಪೊಳ್ಳೆನಿಸುವುದಕ್ಕೆ ಕಾರಣ ಬಹಳ ಸಲ ಸ್ನೇಹದಲ್ಲಿ ಇರುವುದಿಲ್ಲ, ಹಗೆಯಲ್ಲಿ ಇರುತ್ತದೆ. ಹಗೆಗೆ ಮೈಯೇ ಇಲ್ಲದಿದ್ದರೆ ಅದನ್ನು ದಾಟಿದ್ದಕ್ಕೆ ಬೆಲೆ ಎಲ್ಲಿಂದ ಬರಬೇಕು?

ನಮ್ಮ ಭಾಗದಲ್ಲಿ ಬಯಲಾಟ, ತೊಗಲುಗೊಂಬೆ ನೋಡಿ ಬೆಳೆದವರಿಗೆ ನಾಗರ ಕಥೆ ಗೊತ್ತು. ಮಹಾಭಾರತದಲ್ಲಿ ಪಾಂಡವರ ಮನೆತನಕ್ಕೂ ನಾಗರಿಗೂ ಇರುವ ಹಗೆಯನ್ನು ಸಾಲಿಗಿಟ್ಟು ನೋಡಿ. ಅರ್ಜುನ, ಕೃಷ್ಣ ಸೇರಿ ಖಾಂಡವವನ ಸುಡುತ್ತಾರೆ. ಅದು ನಾಗರಾಜ ತಕ್ಷಕನ ಮನೆ. ಅವನು ಊರಲ್ಲಿಲ್ಲ. ಮಗ ಅಶ್ವಸೇನನನ್ನು ಉಳಿಸಲು ಹೋಗಿ ಅವನ ಹೆಂಡತಿ ಸಾಯುತ್ತಾಳೆ. ಮಗ ತಪ್ಪಿಸಿಕೊಂಡು, ಬೆಳೆದು, ಕುರುಕ್ಷೇತ್ರದಲ್ಲಿ ಕರ್ಣನ ಬಾಣ ಸೇರುತ್ತಾನೆ. ಮುಂದೆ ಅರ್ಜುನನ ಮೊಮ್ಮಗ ಪರೀಕ್ಷಿತ ತಕ್ಷಕನ ವಿಷದಿಂದ ಸಾಯುತ್ತಾನೆ. ಪರೀಕ್ಷಿತನ ಮಗ ಜನಮೇಜಯ ಸರ್ಪಯಾಗಕ್ಕೆ ಕೂರುತ್ತಾನೆ. ಅರ್ಜುನನಿಂದ ಜನಮೇಜಯನವರೆಗೆ ನಾಲ್ಕು ತಲೆಮಾರು, ಪ್ರತಿ ಸೇಡಿಗೂ ಒಂದು ಹೆಣ, ಒಂದು ಹೆಸರು, ಒಂದು ಜಾಗ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಎಲ್ಲವೂ ಬರೆದಿದೆ. ಗಮನಿಸಿ, ಎರಡೂ ಕಡೆಯವರಿಗೆ ತಮ್ಮ ಕಡೆಯ ಪುಟ ಮಾತ್ರ ಬಾಯಿಪಾಠ. ಪಾಂಡವರ ಮನೆಯಲ್ಲಿ ಖಾಂಡವ ಎಂದರೆ ಅಗ್ನಿಗೆ ಕೊಟ್ಟ ಆಹುತಿ, ಗಾಂಡೀವ ಕೈಗೆ ಬಂದ ಸಂದರ್ಭ. ನಾಗರ ಮನೆಯಲ್ಲಿ ಅದು ತಾಯಿ ಸತ್ತ ದಿನ.

ಇನ್ನೊಂದು ಸೂಕ್ಷ್ಮ ಅದೇ ಆದಿಪರ್ವದಲ್ಲಿದೆ. ನಾಗರ ತಾಯಿ ಕದ್ರು ತನ್ನ ಸೋದರಿ, ಗರುಡನ ತಾಯಿ ವಿನತೆಯ ಜೊತೆ ಪಣ ಕಟ್ಟಿ, ಬಿಳಿ ಕುದುರೆಯ ಬಾಲ ಕಪ್ಪಾಗಿ ಕಾಣುವ ಹಾಗೆ ಕೂದಲಾಗಿ ಅಂಟಿಕೊಳ್ಳಿರೆಂದು ಮಕ್ಕಳಿಗೆ ಹೇಳುತ್ತಾಳೆ. ಕೆಲವು ನಾಗರು ‘ಈ ಮೋಸ ನಮ್ಮಿಂದ ಆಗದು’ ಅನ್ನುತ್ತಾರೆ. ಜನಮೇಜಯನ ಯಾಗದಲ್ಲಿ ಸುಟ್ಟುಹೋಗಿ ಎಂದು ಅವರಿಗೆ ಶಾಪ ಕೊಡುವುದು ಹೆತ್ತ ತಾಯಿಯೇ. ಗರುಡನಿಗೂ ನಾಗರಿಗೂ ಹಗೆ ಹುಟ್ಟಿದ ಗಳಿಗೆಯಲ್ಲೇ ನಾಗರೊಳಗೆ ಒಪ್ಪದವರಿದ್ದರು. ನಿಮ್ಮ ಹೊಳೆಯವರಲ್ಲಿ ಒಪ್ಪದವರು ಯಾರೂ ಇಲ್ಲ, ಎಲ್ಲರೂ ಒಂದೇ ಬಾಯಿಂದ ಗುಡ್ಡದವರನ್ನು ಬಯ್ಯುತ್ತಾರೆ. ಒಂದು ಊರಿನಲ್ಲಿ ಹಾಗೆ ಇರುವುದನ್ನು ನಾನಂತೂ ಕಂಡಿಲ್ಲ. ಬಾಯಿ ಮುಚ್ಚಿಕೊಂಡು ಕೂತ ಒಬ್ಬ ಮುದುಕಿಯನ್ನಾದರೂ ಹಾಕಿ.

ಮುಂದಿನ ಅಧ್ಯಾಯಗಳ ಟಿಪ್ಪಣಿಯಲ್ಲಿ ನೀವು ಇನ್ನೊಂದು ದಾರಿ ಯೋಚಿಸಿದ್ದೀರಿ: ಹೊರಗಿನಿಂದ ದೊಡ್ಡ ರಾಕ್ಷಸಸೇನೆ ಬರುತ್ತದೆ, ಆಗ ಇಬ್ಬರೂ ಒಂದಾಗುತ್ತಾರೆ. ಇದು ಎಲ್ಲರೂ ಹಿಡಿಯುವ ದಾರಿ, ಅದಕ್ಕೇ ಇಲ್ಲಿ ಎಚ್ಚರ ಬೇಕು. ಕರ್ಣಪರ್ವದಲ್ಲಿ ಅಶ್ವಸೇನ ಕರ್ಣನ ಮುಂದೆ ಬಂದು, ಗುರಿ ತಪ್ಪಿದೆ, ಮತ್ತೊಮ್ಮೆ ನನ್ನನ್ನು ಹೂಡು, ನಿನ್ನ ವೈರಿಯೇ ನನ್ನ ವೈರಿ ಎಂದಾಗ ಕರ್ಣ ಒಪ್ಪುವುದಿಲ್ಲ. ಇನ್ನೊಬ್ಬನ ಬಲದಿಂದ ಗೆಲುವು ಬೇಡ, ಬಿಟ್ಟ ಬಾಣ ಮತ್ತೆ ಹೂಡುವುದಿಲ್ಲ ಅನ್ನುತ್ತಾನೆ. ಇಬ್ಬರಿಗೂ ವೈರಿ ಒಬ್ಬನೇ, ಆದರೂ ಅವರ ನಡುವೆ ಸ್ನೇಹ ಇಲ್ಲ. ಒಬ್ಬರನ್ನೊಬ್ಬರು ನೋಡಿದ್ದೇ ಆಗ. ವೈರಿ ಸತ್ತ ಮರುದಿನ ಆ ಇಬ್ಬರು ಏನು ಮಾತಾಡುತ್ತಿದ್ದರು? ನಿಮ್ಮ ಹುಡುಗಿಯರಿಗೂ ಈ ಪ್ರಶ್ನೆ ಹಾಕಿ. ರಾಕ್ಷಸಸೇನೆ ಹೋದ ಮರುದಿನ ಬೆಳಿಗ್ಗೆ ಅವರು ಕೂತು ಮಾತಾಡಲು ಏನಿದೆ?

ಈಗ ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್‌ಗೆ ಬರುತ್ತೇನೆ. ಹಗೆಯ ಜನಾಂಗಗಳ ನಡುವಿನ ಸ್ನೇಹ ಎಂದರೆ ಫ್ಯಾಂಟಸಿ ಓದುವ ಎಲ್ಲರಿಗೂ ಮೊದಲು ನೆನಪಾಗುವುದು ಲೆಗೊಲಾಸ್ ಎಂಬ ಎಲ್ಫ್ (ಕಾಡುಗಳ ಸಾವಿಲ್ಲದ ಜನ) ಮತ್ತು ಗಿಮ್ಲಿ ಎಂಬ ಡ್ವಾರ್ಫ್ (ಗವಿಗಳ ಕುಳ್ಳ ಜನ). 1954–55ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಅವರ ಕಥೆ ಇದೆ. ಸಿನಿಮಾ ನೋಡಿದವರಿಗೆ ಯಾರು ಎಷ್ಟು ತಲೆ ಕಡಿದರೆಂಬ ಪಂದ್ಯ ನೆನಪಿರುತ್ತದೆ. ಪುಸ್ತಕದಲ್ಲಿ ಹೆಲ್ಮ್ಸ್ ಡೀಪ್ ಕಾಳಗದ ಆ ಲೆಕ್ಕ ಗಿಮ್ಲಿಗೆ 42, ಲೆಗೊಲಾಸ್‌ಗೆ 41. ಆದರೆ ಆ ಹೊತ್ತಿಗೆ ಸ್ನೇಹ ಕಾಯಿ ಕಟ್ಟಿ ಆಗಿರುತ್ತದೆ. ಅದು ಹೂ ಬಿಟ್ಟದ್ದು ಎಲ್ಲಿ ಎಂದು ಹುಡುಕಬೇಕು.

ಮೊದಲು ಹಗೆಯ ಮೈ ನೋಡಿ. 1937ರ ‘ದಿ ಹಾಬಿಟ್’ನಲ್ಲಿ ಕಾಡಿನ ಎಲ್ಫರ ರಾಜ ಡ್ವಾರ್ಫರ ಗುಂಪನ್ನು ಹಿಡಿದು ಸೆರೆಗೆ ಹಾಕುತ್ತಾನೆ. ಆ ರಾಜ ಲೆಗೊಲಾಸ್‌ನ ಅಪ್ಪ. ಸೆರೆಯಲ್ಲಿದ್ದವರಲ್ಲಿ ಒಬ್ಬ, ಗ್ಲೋಯಿನ್, ಗಿಮ್ಲಿಯ ಅಪ್ಪ. ಬೀಗ ಹಾಕಿದವನ ಮಗನೂ ಬೀಗದೊಳಗೆ ಕೂತವನ ಮಗನೂ ಒಂದೇ ಪಯಣಕ್ಕೆ ಹೊರಡುತ್ತಾರೆ. ಹೊರಡುವ ಮುಂಚಿನ ಸಭೆಯಲ್ಲೇ ಗ್ಲೋಯಿನ್ ಆ ಸೆರೆಯ ಮಾತು ಎತ್ತುತ್ತಾನೆ. ಮಾಂತ್ರಿಕ ಗ್ಯಾಂಡಾಲ್ಫ್ ಅವನನ್ನು ತಡೆಯುತ್ತಾನೆ, ನಿಮ್ಮಿಬ್ಬರ ಕಡೆಯ ದೂರೆಲ್ಲ ಇಲ್ಲಿ ತೆಗೆದರೆ ಈ ಸಭೆಯನ್ನೇ ಬಿಡಬೇಕಾದೀತು ಎಂದು.

ಆಮೇಲೆ ಮೋರಿಯಾದ ಬಾಗಿಲು, ಡ್ವಾರ್ಫರು ಕಳೆದುಕೊಂಡ ನೆಲದಡಿಯ ಊರಿನದು. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ಗವಿಯ ಮುಂದೆ ನಿಂತು ಗಿಮ್ಲಿ, ಸ್ನೇಹ ಕೆಟ್ಟದ್ದು ಡ್ವಾರ್ಫರ ತಪ್ಪಿನಿಂದ ಅಲ್ಲ ಅನ್ನುತ್ತಾನೆ. ಎಲ್ಫರ ತಪ್ಪೆಂದೂ ನಾನು ಕೇಳಿಲ್ಲ ಅನ್ನುತ್ತಾನೆ ಲೆಗೊಲಾಸ್. ಇಬ್ಬರ ವಾದವನ್ನೂ ಕೇಳಿದ್ದೇನೆ, ತೀರ್ಪು ಈಗ ಹೇಳುವುದಿಲ್ಲ, ನೀವಿಬ್ಬರಾದರೂ ಗೆಳೆಯರಾಗಿ ನನಗೆ ನೆರವಾಗಿ ಎಂದು ಗ್ಯಾಂಡಾಲ್ಫ್. ಅವರು ಜಗಳವಾಡುತ್ತ ನಿಂತ ಬಾಗಿಲ ಮೇಲೆ ಎರಡು ಹೆಸರು ಕೆತ್ತಿವೆ. ಬಾಗಿಲು ಮಾಡಿದವನು ನಾರ್ವಿ ಎಂಬ ಡ್ವಾರ್ಫ್, ಅಕ್ಷರ ಬರೆದವನು ಕೆಲೆಬ್ರಿಂಬೊರ್ ಎಂಬ ಎಲ್ಫ್. ಬಾಗಿಲು ತೆರೆಯುವ ಮಾತು, ಎಲ್ಫರ ನುಡಿಯಲ್ಲಿ, ‘ಗೆಳೆಯ’. ಡ್ವಾರ್ಫರ ಮನೆಗೆ ಎಲ್ಫರ ಮಾತಿನ ಬೀಗದಕೈ. ಹಗೆಗೆ ಮುಂಚೆ ಒಂದು ಕಾಲ ಇತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿಯನ್ನು ಕಥೆಗಾರ ಅಲ್ಲಿ ನಿಲ್ಲಿಸಿದ್ದಾನೆ, ಆ ಇಬ್ಬರೂ ಅದಕ್ಕೆ ಬೆನ್ನು ಕೊಟ್ಟು ಜಗಳವಾಡುತ್ತಿದ್ದಾರೆ.

ಸ್ನೇಹ ಮೊಳೆಯುವುದು ಅದರ ನಂತರ, ಎಲ್ಫರ ಬನ ಲೋತ್‌ಲೋರಿಯನ್‌ನಲ್ಲಿ. ಕಾವಲುಗಾರರು ಡ್ವಾರ್ಫನ ಕಣ್ಣಿಗೆ ಮಾತ್ರ ಬಟ್ಟೆ ಕಟ್ಟಬೇಕೆನ್ನುತ್ತಾರೆ. ಗಿಮ್ಲಿ ಕೊಡಲಿಗೆ ಕೈ ಹಾಕುತ್ತಾನೆ. ಹಾಗಾದರೆ ಎಲ್ಲರ ಕಣ್ಣಿಗೂ ಕಟ್ಟಿ ಎಂದು ಮುಂದಾಳು ಅರಗಾರ್ನ್ ತೀರ್ಮಾನ ಕೊಡುತ್ತಾನೆ. ಲೆಗೊಲಾಸ್‌ನೊಬ್ಬನಿಗೆ ಕಟ್ಟಿದರೂ ನನಗೆ ಸಾಕು ಅನ್ನುತ್ತಾನೆ ಗಿಮ್ಲಿ. ಈಗ ಸಿಟ್ಟು ಬರುವುದು ಲೆಗೊಲಾಸ್‌ಗೆ: ನಾನು ಎಲ್ಫ್, ಇವರು ನನ್ನ ಬಂಧುಗಳು! ಆದರೂ ಕಟ್ಟಿಸಿಕೊಂಡೇ ನಡೆಯುತ್ತಾನೆ. ತನ್ನವರ ನಾಡಿನಲ್ಲೇ, ತನ್ನವರ ಕೈಯಿಂದಲೇ, ಪರಕೀಯನಾಗುವುದು ಹೇಗಿರುತ್ತದೆ ಎಂದು ಅವನ ಮೈಗೆ ಗೊತ್ತಾಗುತ್ತದೆ.

ಮರುದಿನ ಆ ನಾಡಿನ ಒಡತಿ ಗಲಾಡ್ರಿಯೆಲ್ ಗಿಮ್ಲಿಯನ್ನು ನೋಡುತ್ತಾಳೆ. ಅವಳ ಗಂಡ ಆಗಷ್ಟೇ ಡ್ವಾರ್ಫರ ಮೇಲೆ ಕಟುವಾಗಿ ಆಡಿದ್ದಾನೆ. ಅವಳು ಸಮಾಧಾನದ ಭಾಷಣ ಮಾಡುವುದಿಲ್ಲ. ಡ್ವಾರ್ಫರು ಕಳೆದುಕೊಂಡ ಊರಿನ ಕೆರೆ, ತೊರೆ, ಕಂಬದ ಸಾಲಿನ ಮಂಟಪ ಎಷ್ಟು ಚಂದ ಇದ್ದವು ಎಂದು ಡ್ವಾರ್ಫರ ನುಡಿಯ ಹೆಸರುಗಳಲ್ಲೇ ಹೇಳುತ್ತಾಳೆ. ಮೋರಿಯಾ ಎಂಬುದು ಎಲ್ಫರು ಇಟ್ಟ ಹೆಸರು, ‘ಕಪ್ಪು ಕಂದರ’ ಎಂಬ ಅರ್ಥದ್ದು. ಅವಳ ಬಾಯಲ್ಲಿ ಬರುವುದು ಖಜದ್-ದೂಮ್. ಗಿಮ್ಲಿ ತಲೆಯೆತ್ತಿ ನೋಡಿದಾಗ ಅವನಿಗೆ ವೈರಿಯ ಎದೆಯೊಳಗೆ ಪ್ರೀತಿ ಕಂಡಂತಾಗುತ್ತದೆ. ಅಲ್ಲಿಂದ ಮುಂದಕ್ಕೆ ಅವನು ಲೆಗೊಲಾಸ್‌ನ ಜೊತೆ ತಿರುಗಾಡತೊಡಗುತ್ತಾನೆ. ಉಳಿದವರಿಗೆ ಆಶ್ಚರ್ಯ. ಅವರಿಬ್ಬರೇ ಇದ್ದಾಗ ಏನು ಮಾತಾಡಿದರೆಂದು ಕಥೆಗಾರ ಬರೆಯುವುದೇ ಇಲ್ಲ.

ಇದನ್ನು ಮೊದಲ ಸಲ ಓದಿದ ದಿನ ನನಗೆ ನೆನಪಾದದ್ದು ನಮ್ಮ ಕಾಲುವೆ.

ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ್ದು. ಮೇಲಿನ ಊರಿನವರು ಭತ್ತ ಹಚ್ಚುತ್ತಿದ್ದರು, ನಮಗೆ ಜೋಳಕ್ಕೂ ನೀರು ಸಾಲುತ್ತಿರಲಿಲ್ಲ. ಆ ಜಗಳದಲ್ಲಿ ಒಮ್ಮೆ ತೂಬಿನ ಹತ್ತಿರ ಬಡಿದಾಟವಾಗಿ ನಮ್ಮ ಕಡೆಯವನೊಬ್ಬನ ಕೈ ಮುರಿಯಿತು. ಎರಡೂರ ನಡುವೆ ಬೀಗತನ ನಿಂತಿತು. ನೀರು ಅಳೆಯಲು ಎರಡೂರಿಗೂ ಒಂದೊಂದು ಕೋಲು ಇತ್ತು. ನಮ್ಮದು ಜಾಲಿ ಕಟ್ಟಿಗೆಯದು, ಗೇಣಿಗೊಂದು, ಬೆರಳಿಗೊಂದು ಗೀರು. ಅವರದು ಬಿದಿರು, ಸುಣ್ಣ ಬಳಿದು ಕೆಂಪು ಗೆರೆ ಹಾಕಿದ್ದು. ಅವರ ಕೋಲು ಸುಳ್ಳು ಎಂದು ನಾವು, ನಮ್ಮ ಕೋಲು ಸುಳ್ಳು ಎಂದು ಅವರು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ರಾತ್ರಿ ಅಪ್ಪನ ಜೊತೆ ಕಾಲುವೆ ಕಾಯಲು ಹೋಗಿದ್ದೆ. ಮೇಲಿನ ಊರಿನಿಂದಲೂ ಒಬ್ಬರು ಕಾಯಲು ಬಂದಿದ್ದರು. ನಾನು ಅವರನ್ನು ಕಾಕಾ ಅನ್ನತೊಡಗಿದ್ದು ಆಮೇಲೆ. ತೂಬಿನ ಆ ಬದಿಗೆ ಅವರು, ಈ ಬದಿಗೆ ನಾವು, ನಡುವೆ ಒಂದು ಕಂದೀಲು. ತಾಸುಗಟ್ಟಲೆ ಮಾತಿಲ್ಲ. ನಡುರಾತ್ರಿ ಆ ಮನುಷ್ಯ ಎದ್ದು ಬಂದು ನಮ್ಮ ಕೋಲಿಗೆ ಕೈ ಚಾಚಿದರು. ಅಪ್ಪ ಒಂದು ಗಳಿಗೆ ನೋಡಿ ಕೊಟ್ಟರು. ಅವರು ಅದನ್ನು ತಮ್ಮೂರ ತೂಬಿನಲ್ಲಿ ಇಳಿಬಿಟ್ಟು, ಕಂದೀಲಿನ ಬೆಳಕಿಗೆ ಹಿಡಿದು ಅಂದರು:

“ನಿಮ್ಮ ಕೋಲಿನ್ಯಾಗ ಒಂದು ಗೇಣು ನಾಕು ಬೆಳ್ಳ ಐತ್ರಿ. ನಮ್ಮವರು ಎರಡು ಬೆಳ್ಳ ಹೆಚ್ಚಿಗಿ ತಗೊಂಡಾರ.”

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅವರ ಬಿದಿರು ಕೋಲು ಇಸಿದುಕೊಂಡು ನಮ್ಮ ಕೋಲಿನ ಮಗ್ಗುಲಿಗೆ ಇಟ್ಟು, ಹೆಬ್ಬೆರಳಿನಿಂದ ಗೀರು ಗೀರು ಮುಟ್ಟುತ್ತ ಬಂದು ಹೇಳಿದರು:

“ನಮ್ಮದರಾಗ ಮೊದಲನೇ ಗೀರು ಒಂದು ಬೆಳ್ಳ ಕೆಳಗ ಐತ್ರಿ. ನಮ್ಮ ಹಿರೇರು ಹಾಕಿದ್ದು.”

ಅಷ್ಟೇ. ಅವರ ಬುತ್ತಿಯ ಶೇಂಗಾ ಚಟ್ನಿ, ನಮ್ಮ ಬುತ್ತಿಯ ಕಟಕ ರೊಟ್ಟಿ ಆಮೇಲೆ ಒಂದೇ ಬಟ್ಟೆಯ ಮೇಲೆ ಬಂದವು.

ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಆ ಕಂದೀಲಿನ ಬೆಳಕಿನಲ್ಲಿದೆ. ಎದುರಿನವರ ಕೋಲಿನಿಂದ ತನ್ನವರ ನೀರನ್ನು ಅಳೆದು, ಬಂದ ಅಳತೆಯನ್ನು ಬಾಯಿಬಿಟ್ಟು ಹೇಳುವುದು. ಗಲಾಡ್ರಿಯೆಲ್ ಖಜದ್-ದೂಮ್ ಎಂದಾಗ ಮಾಡಿದ್ದು ಅದನ್ನೇ. ಹೆಲ್ಮ್ಸ್ ಡೀಪ್ ಕಾಳಗದ ನಂತರ ಲೆಗೊಲಾಸ್, ಗಿಮ್ಲಿ ಒಂದು ಒಪ್ಪಂದ ಮಾಡಿಕೊಳ್ಳುತ್ತಾರೆ: ನೀನು ನನ್ನ ಜೊತೆ ಗುಹೆ ನೋಡಲು ಬಾ, ನಾನು ನಿನ್ನ ಜೊತೆ ಕಾಡು ನೋಡಲು ಬರುತ್ತೇನೆ. ಎಲ್ಫನಿಗೆ ಗವಿ ಎಂದರೆ ಉಸಿರುಗಟ್ಟು, ಡ್ವಾರ್ಫನಿಗೆ ಕಾಡೆಂದರೆ ಭಯ. ಗುಹೆ ನೋಡಿ ಬಂದ ಲೆಗೊಲಾಸ್ ಮೌನವಾಗಿದ್ದು, ಇದಕ್ಕೆ ತಕ್ಕ ಮಾತು ಗಿಮ್ಲಿಯೊಬ್ಬನಿಗೇ ಸಿಕ್ಕೀತು ಅನ್ನುತ್ತಾನೆ. ಮಾತಿನಲ್ಲಿ ಎಲ್ಫನನ್ನು ಡ್ವಾರ್ಫನೊಬ್ಬ ಗೆದ್ದದ್ದು ಇದೇ ಮೊದಲು ಎಂದೂ ಒಪ್ಪಿಕೊಳ್ಳುತ್ತಾನೆ.

ಗೆಳೆತನ ಆದ ಮೇಲೂ ಅನುಮಾನ ಉಳಿಯಲಿ. ಇದಕ್ಕೆ ಮಾದರಿ ನಿಮ್ಮ ಮನೆಯಿಂದ ದೂರವಿಲ್ಲ, ಗಂಗಾವತಿ ದಾಟಿದರೆ ಆನೆಗೊಂದಿ. ಕಿಷ್ಕಿಂಧೆ ಅದೇ ಎಂದು ನಮ್ಮ ಜನ ನಂಬಿದ್ದಾರೆ. ವಾಲ್ಮೀಕಿ ರಾಮಾಯಣದಲ್ಲಿ ರಾಮ, ಸುಗ್ರೀವ ಅಗ್ನಿಸಾಕ್ಷಿಯಾಗಿ ಗೆಳೆಯರಾಗುತ್ತಾರೆ, ಒಬ್ಬ ಮನುಷ್ಯ, ಒಬ್ಬ ವಾನರ. ಬೆಂಕಿ ಸುತ್ತಿದ ಮೇಲೂ ಸುಗ್ರೀವನಿಗೆ ಧೈರ್ಯವಿಲ್ಲ, ಈತ ವಾಲಿಯನ್ನು ಕೊಲ್ಲಬಲ್ಲನೇ ಎಂದು. ವಾಲಿ ಎಸೆದಿದ್ದ ದುಂದುಭಿಯ ಅಸ್ಥಿಪಂಜರವನ್ನು ರಾಮ ಕಾಲ ಹೆಬ್ಬೆರಳಿನಿಂದ ಹತ್ತು ಯೋಜನ ಚಿಮ್ಮುತ್ತಾನೆ. ಸುಗ್ರೀವ ಆಗಲೂ ಒಪ್ಪುವುದಿಲ್ಲ: ವಾಲಿ ಎಸೆದಾಗ ಇದು ರಕ್ತಮಾಂಸ ತುಂಬಿದ ಹಸಿ ಹೆಣ, ಈಗ ಒಣಗಿ ಹಗುರಾಗಿದೆಯಲ್ಲ! ಏಳು ಮರಗಳನ್ನು ಒಂದೇ ಬಾಣ ತೂರಿ ಹೋದ ಮೇಲೆಯೇ ಅವನಿಗೆ ನಂಬಿಕೆ. ಪೆಟ್ಟು ತಿಂದವನ ಮನಸ್ಸು ಹಾಗೇ ಇರುತ್ತದೆ. ರಾಮ ಬೇಸರ ಮಾಡಿಕೊಳ್ಳುವುದಿಲ್ಲ. ಮುಂದೆ ಮಳೆಗಾಲ ಮುಗಿದ ಮೇಲೂ ಸುಗ್ರೀವನೇ ಕೊಟ್ಟ ಮಾತು ಮರೆತು ಕೂರುತ್ತಾನೆ, ಲಕ್ಷ್ಮಣ ಸಿಟ್ಟಿನಿಂದ ಬಂದಾಗ ತಾರೆ ಎದುರು ನಿಂತು ಮಾತಾಡಿ ಉಳಿಸುತ್ತಾಳೆ. ನಿಮ್ಮ ಗುಡ್ಡದ ಹುಡುಗಿಯೂ ಒಮ್ಮೆ ಮಾತು ತಪ್ಪಲಿ.

ಸಣ್ಣ ಸಂಗತಿಯಿಂದ ಹಗೆ ಮರಳುವುದಕ್ಕೂ ನಮ್ಮ ಚರಿತ್ರೆ ಸಾಕ್ಷಿ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದವು. ವಿಜಯನಗರದವರೂ ಬಹಮನಿಗಳೂ ಅವರ ನಂತರ ಬಿಜಾಪುರದವರೂ ಇದಕ್ಕಾಗಿ ಮತ್ತೆ ಮತ್ತೆ ಹೊಡೆದಾಡಿದರು. 1520ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ಕಾದಿದರು. ಆ ಇಸ್ಮಾಯಿಲನ ಮೊಮ್ಮಗ ಅಲಿ ಆದಿಲ್ ಶಾಹ, ರಾಮರಾಯನ ಮಗ ತೀರಿಕೊಂಡಾಗ ಮಾತಾಡಿಸಿ ಬರಲು ಸ್ವತಃ ವಿಜಯನಗರಕ್ಕೆ ಹೋದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಭಾವಿಸಿದಳು ಎಂದು ಬಿಜಾಪುರದ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಆದರೆ ಹೊರಟಾಗ ಊರಾಚೆಯವರೆಗೆ ಕಳಿಸಿಕೊಡಲು ರಾಮರಾಯ ಬರಲಿಲ್ಲ, ಅದು ಅಲಿಯ ಮನಸ್ಸಿಗೆ ಚುಚ್ಚಿತು ಎಂದೂ ಅವನೇ ಬರೆಯುತ್ತಾನೆ. 1565ರಲ್ಲಿ ರಕ್ಕಸತಂಗಡಿಯ ರಣದಲ್ಲಿ ಇಬ್ಬರೂ ಎದುರುಬದುರು. ಯುದ್ಧಕ್ಕೆ ಕಾರಣಗಳು ಹಲವು ಇದ್ದವು, ನಿಜ. ಕಾದಂಬರಿ ಬರೆಯುವವರಿಗೆ ಮಾತ್ರ ಆ ನಾಲ್ಕು ಹೆಜ್ಜೆ ಬಾರದೆ ನಿಂತ ಕಾಲು ಮುಖ್ಯ. ಬಂದವರನ್ನು ಅಗಸಿಯವರೆಗೆ ಹೋಗಿ ಕಳಿಸಿಬರುವುದು ಎಂದರೆ ನಮ್ಮ ಕಡೆ ಏನೆಂದು ನಿಮಗೆ ಹೇಳಬೇಕಿಲ್ಲ.

ಗೆಳೆತನಕ್ಕೆ ತನ್ನೂರಿನಲ್ಲಿ ದಂಡ ಕಟ್ಟಬೇಕು. ಕಾಕಾ ಆ ರಾತ್ರಿಯ ಅಳತೆಯನ್ನು ತಮ್ಮೂರಲ್ಲೂ ಹೇಳಿದರು. ಹೋಟೆಲಿನವನು ಚಹಾ ಕೊಡುವುದು ನಿಲ್ಲಿಸಿದ, ಅವರ ಹೊಲದ ಕೂಲಿಗೆ ಆಳು ಬರಲಿಲ್ಲ. ಅಪ್ಪನಿಗೆ ನಮ್ಮೂರ ಕಟ್ಟೆಯ ಮೇಲೆ ಜಾಗ ಹೋಯಿತು. ಇದನ್ನು ನೀವು ಬರೆದಿಲ್ಲ. ನಿಮ್ಮ ಹೊಳೆಯ ಹುಡುಗಿ ಮರಳಿ ಬಂದಾಗ ಅವಳ ತಾಯಿಯೇ ಹರಿಗೋಲು ದಂಡೆಗೆ ತರದಿದ್ದರೆ?

ಇನ್ನು ಎರಡೂ ಜನ ಕೊನೆಗೆ ಒಂದಾಗಬೇಕೇ ಎಂಬ ಪ್ರಶ್ನೆ. ಬೇಕಿಲ್ಲ. ಇಬ್ಬರು ಗೆಳೆಯರಾದ ಮಾತ್ರಕ್ಕೆ ಎರಡು ಜನಾಂಗ ರಾಜಿಯಾಗುವುದು ನನಗೆ ಸುಳ್ಳೆನಿಸುತ್ತದೆ. ಎರಡೂರ ನೀರಿನ ಜಗಳ ಇವತ್ತಿಗೂ ಇದೆ. ಆದರೆ ಅಪ್ಪ ತೀರಿಕೊಂಡ ಮೂರನೆಯ ದಿನ ಕಾಕಾ ಬೀಗರ ಹಾಗೆ ಬುತ್ತಿ ಕಟ್ಟಿಸಿಕೊಂಡು ನಮ್ಮ ಅಂಗಳಕ್ಕೆ ಬಂದರು, ನಮ್ಮೂರಿನವರು ದಾರಿ ಬಿಟ್ಟು ನಿಂತರು.

ಜನ ಸಮೂಹವಾಗಿ ಬದಲಾಗುವುದನ್ನು ತೋರಿಸಲೇಬೇಕೆಂದರೆ, ಕಾದಾಡಿದವರ ಕೈಯಿಂದ ಕೈಗೆ ಹೋದ ಮುದಗಲ್ ಕೋಟೆಯ ಊರಿಗೆ ಮೊಹರಂ ಹೊತ್ತಿಗೆ ಹೋಗಿ ಬನ್ನಿ. ಹಿಂದೂಗಳೂ ಮುಸ್ಲಿಮರೂ ಕೂಡಿಯೇ ಅಲಾಯಿ ಕುಣಿಯುತ್ತಾರೆ. ಕ್ರಿ.ಶ. 680ರಲ್ಲಿ ದೂರದ ಕರ್ಬಲಾದಲ್ಲಿ ನೀರು ಸಿಗದೆ ಬಾಯಾರಿ, ಕಾದಾಡಿ ಸತ್ತವರಿಗಾಗಿ ನಮ್ಮ ಹಳ್ಳಿಯ ಹಾಡುಗಾರರು, ಯಾವ ಜಾತಿಯವರೇ ಇರಲಿ, ಕನ್ನಡದ ರಿವಾಯತ್ ಪದಗಳಲ್ಲಿ ಅಳುತ್ತಾರೆ. ಇನ್ನೊಬ್ಬರ ಮನೆಯ ಸಾವಿಗೆ ನಮ್ಮ ಬಾಯಿಂದ ಹಾಡು. ಅದು ಯಾವ ಸಂಧಿಪತ್ರದಿಂದಲೂ ಬಂದದ್ದಲ್ಲ, ವರ್ಷ ವರ್ಷ ಹಾಡಿ ಹಾಡಿ ಬಂದದ್ದು. ನಿಮ್ಮ ಹೊಳೆಯವರು ಗುಡ್ಡದವರ ಸತ್ತವರಿಗೆ ಒಂದು ಪದ ಕಟ್ಟುವುದಕ್ಕೆ ಇನ್ನೂ ನೂರು ವರ್ಷ ಹಿಡಿಯಲಿ.

ಈಗ ಕೆಲಸದ ಮಾತು. ಮೊಸಳೆಯ ಅಧ್ಯಾಯವನ್ನು ಬಿಸಾಡಬೇಡಿ, ಕಥೆಯ ನಡುವಿಗೆ ಸರಿಸಿ. ಅದಕ್ಕೂ ಮುಂಚೆ ಹೊಳೆಯ ನಡುವೆ ಒಂದು ಬಂಡೆ ನಿಲ್ಲಿಸಿ, ಆನೆಗೊಂದಿಯ ಕಡೆ ನೀರೊಳಗಿಂದ ಏಳುತ್ತವಲ್ಲ ಅಂಥದ್ದು. ಹೊಳೆಯವರು ಅದನ್ನು ‘ಗೆದ್ದಗಲ್ಲು’ ಅನ್ನುತ್ತಾರೆ. ಅಲ್ಲಿ ಅವರ ಹಿರಿಯರು ಗೆದ್ದಿದ್ದರು. ಗುಡ್ಡದವರು ಅದನ್ನು ‘ಅಜ್ಜಿಗಲ್ಲು’ ಅನ್ನುತ್ತಾರೆ. ಓಡಲಾಗದ ಮುದುಕಿಯೊಬ್ಬಳು ಅಲ್ಲಿ ಉಳಿದುಬಿಟ್ಟಿದ್ದಳು. ಇಬ್ಬರು ಹುಡುಗಿಯರೂ ಹರಿಗೋಲಿನಲ್ಲಿ ಆ ಬಂಡೆ ದಾಟುವಾಗ ತಮ್ಮ ತಮ್ಮ ಹೆಸರನ್ನೇ ಹೇಳುತ್ತಿರಲಿ, ಮೂರು ಸಲ, ನಾಲ್ಕು ಸಲ. ಆಮೇಲೆ ಒಂದು ಸಂಜೆ ಹೊಳೆಯ ಹುಡುಗಿ ಹುಟ್ಟು ಹಾಕುತ್ತ, ಏನೋ ಬೇರೆಯೇ ಮಾತಿನ ನಡುವೆ, “ಅಜ್ಜಿಗಲ್ಲಿನ ಹಂತ್ಯಾಕ ಸುಳಿ ಐತಿ, ಗಟ್ಟಿ ಹಿಡಕೊ” ಅನ್ನಲಿ. ಗುಡ್ಡದ ಹುಡುಗಿ ಏನೂ ಹೇಳದೆ ಹರಿಗೋಲಿನ ಅಂಚು ಗಟ್ಟಿಯಾಗಿ ಹಿಡಿಯಲಿ. ಆ ಪುಟ ಬರೆದಾದ ಮೇಲೆ ನನಗೆ ಕಳಿಸಿ.